ಗೋಡೆಯಿಲ್ಲದ ಒಲೆ

ಎರ್ಲೆನ್‌ರೀತ್
14 ಅಕ್ಟೋಬರ್ 1962

ಪ್ರೀತಿಯ ಬುರ್ಗಿ,

ನಿನ್ನೆ ಬಿಯರು ಕಾಯಿಸುವ ಸರದಿ ಕುಲುಮೆಮನೆಯವರದು. ಊರಿನ ಹಂಡೆಮನೆಗೆ ಎರಡು ಗಾಡಿ ಸೌದೆ ಬೇಕಾಯಿತು. ಗಾಳಿ ಸ್ವಲ್ಪವೂ ಇರಲಿಲ್ಲ. ಹೆಂಚಿನ ಸಂದುಗಳಿಂದ ಹೊರಟ ಆವಿ ನೇರ ಮೇಲೇರಿ ಇಗರ್ಜಿಯ ಗಡಿಯಾರವನ್ನೇ ಮುಚ್ಚಿಬಿಟ್ಟಿತು. ಹನ್ನೊಂದೋ ಹನ್ನೆರಡೋ ತಿಳಿಯದೆ ಮೇಷ್ಟ್ರು ಮಕ್ಕಳನ್ನು ಬೇಗನೆ ಮನೆಗೆ ಬಿಟ್ಟರು. ಊರಿನ ಮಕ್ಕಳೆಲ್ಲ ಬಂದು ಇಗ್ನಾಟ್ಸ್ ಅಜ್ಜನ ಸುತ್ತ ನಿಂತವು. ಅಜ್ಜನಿಗೆ ಈಗ ಎಪ್ಪತ್ತೆಂಟು. ಹಂಡೆಯ ಉಸ್ತುವಾರಿ ಇನ್ನೂ ಅವನದೇ. ಮೊಳಕೆ ಬಾರ್ಲಿ ಸುರಿಯುವ ಮುಂಚೆ ಅಂಗಿಯ ತೋಳು ಮಡಚಿ ಮೊಣಕೈಯನ್ನು ನೀರಿಗೆ ಅದ್ದಿ ಬಿಸಿ ನೋಡುತ್ತಾನೆ. ಕುಲುಮೆಮನೆಯ ಥೆಕ್ಲಾಳ ಬಾಯಿ ನಿನಗೆ ಗೊತ್ತಲ್ಲ.

"ಅಜ್ಜಾ, ಥರ್ಮಾಮೀಟರ್ ತಂದ್ಕೊಡ್ಲಾ? ಪೇಟೇಲಿ ಸಿಗುತ್ತೆ" ಅಂದಳು.

"ಇದಕ್ಕಿಂತ ಒಳ್ಳೇದಿದ್ರೆ ತಾ ಕಣೇ. ಈ ಮೊಣಕೈ ಮೂರು ರಾಜರ ಕಾಲ ನೋಡಿದೆ. ಮೂವರೂ ಹೋದ್ರು, ಇದು ಉಳೀತು" ಅಂದ ಮುದುಕ.

ಸಂಜೆ ಬೆಂದ ಬಾರ್ಲಿಯ ಸಿಹಿನೀರು ಹುದುಗಲು ಗಾಡಿಯಲ್ಲಿ ಕುಲುಮೆಮನೆಯ ನೆಲಮಾಳಿಗೆಗೆ ಹೋಯಿತು. ಮುಂದಿನ ವಾರ ಸೂಜಿಮನೆಯ ಲೋರೆಂಟ್ಸ್ ಕುಲುಮೆಮನೆಯವರಿಂದ ಬಿಯರಿನ ಹೆಪ್ಪು ಇಸಿದುಕೊಂಡು ತನ್ನದನ್ನು ಹಾಕುತ್ತಾನೆ. ಒಂದೇ ಹಂಡೆ, ಒಂದೇ ತೊರೆಯ ನೀರು, ಒಂದೇ ಹೆಪ್ಪು. ಆದರೂ ನೆಲಮಾಳಿಗೆಯಿಂದ ಹೊರಬರುವಾಗ ಪ್ರತಿ ಮನೆಯ ಬಿಯರಿಗೂ ಬೇರೆ ಬೇರೆ ರುಚಿ. ಇದು ಹೇಗೆಂದು ನನಗೆ ಈ ವಯಸ್ಸಿನಲ್ಲೂ ಅರ್ಥವಾಗಿಲ್ಲ.

ನಾವು ಚೆನ್ನಾಗಿದ್ದೇವೆ. ಆಫ್ರಾಳ ಕೆಮ್ಮು ಈ ವರ್ಷ ಕಡಿಮೆ. ಮನೆಯಲ್ಲಿ ಸ್ವಲ್ಪ ರಿಪೇರಿ ಕೆಲಸ ಹಿಡಿದಿದ್ದೇವೆ, ಅಂಥದ್ದೇನಿಲ್ಲ. ನವೆಂಬರಿನಲ್ಲಿ ಹಿರಿಯರ ಹಬ್ಬಕ್ಕೆ ಬರುವುದು ಬೇಡ. ರಸ್ತೆ ಕೆಟ್ಟಿದೆ.

ನಿನ್ನ ಅಣ್ಣ
ಕಾಸ್ಪರ್


ಡೋರ್ಟ್‌ಮುಂಡ್
28 ಅಕ್ಟೋಬರ್ 1962

ಪ್ರೀತಿಯ ಅಣ್ಣ,

ನಾನು ಬರುವುದು ರೈಲಿನಲ್ಲಿ. ಅದು ಹಳಿಯ ಮೇಲೆ ಓಡುತ್ತದೆ. ಹನ್ನೆರಡು ವರ್ಷದಿಂದ ಒಂದು ಸಲವೂ ಕೆಡದ ನಿಮ್ಮ ರಸ್ತೆ ಈಗ ಏಕೆ ಕೆಟ್ಟಿತೋ! ಏನೋ ಮುಚ್ಚಿಡುತ್ತಿದ್ದೀಯ. ಆಫ್ರಾ ಅತ್ತಿಗೆಗೆ ಮಗುವೇ? ಹಾಗಿದ್ದರೆ ಈಗಲೇ ಹೇಳು, ಉಣ್ಣೆ ಕೊಳ್ಳಬೇಕು.

ಇಲ್ಲಿ ಬಿಯರು ಕಾರ್ಖಾನೆಯಲ್ಲಿ ನನಗೆ ಕೆಲಸ ಬದಲಾಗಿದೆ. ಮೊದಲು ಬಾಟಲಿ ತೊಳೆಯುವ ಯಂತ್ರದ ಹತ್ತಿರವಿದ್ದೆ, ಈಗ ದೀಪದ ಮುಂದೆ ಕೂರಿಸಿದ್ದಾರೆ. ತೊಳೆದ ಬಾಟಲಿಗಳು ಬೆಳಗುವ ಹಾಲುಗಾಜಿನ ಮುಂದೆ ಸಾಲಾಗಿ ಹಾದುಹೋಗುತ್ತವೆ. ಒಡಕೋ ಕೊಳೆಯೋ ಕಂಡರೆ ತೆಗೆಯಬೇಕು. ಇಪ್ಪತ್ತು ನಿಮಿಷಕ್ಕೊಮ್ಮೆ ನಮ್ಮನ್ನು ಬದಲಾಯಿಸುತ್ತಾರೆ, ಅದಕ್ಕಿಂತ ಹೆಚ್ಚು ನೋಡಿದರೆ ಕಣ್ಣು ತೆರೆದಿದ್ದೂ ಏನೂ ಕಾಣುವುದಿಲ್ಲ. ಮೊದಲ ದಿನ ಮನೆಗೆ ಬಂದು ಮಲಗಿದರೆ ರೆಪ್ಪೆಯೊಳಗೂ ಬಾಟಲಿಗಳು ನಡೆದು ಹೋಗುತ್ತಿದ್ದವು. ನಮ್ಮ ಹಂಡೆ ಇಡೀ ವರ್ಷ ಬೇಯಿಸುವಷ್ಟು ಬಿಯರು ಇಲ್ಲಿ ನಾವು ಬೆಳಗಿನ ಬ್ರೆಡ್ಡು ತಿಂದು ಮುಗಿಸುವಷ್ಟರಲ್ಲಿ ಬಾಟಲಿಗೆ ಇಳಿದಿರುತ್ತದೆ.

ಒಂದು ಭಾನುವಾರ ಸುಮ್ಮನೆ ಕಾರ್ಖಾನೆಯ ಹಿಂದಿನ ಹಳಿಗಳ ಗುಂಟ ನಡೆದೆ. ಮೊಳಕೆ ಬಾರ್ಲಿಯ ವ್ಯಾಗನ್‌ಗಳು ನಿಂತಿದ್ದವು. ಅವುಗಳ ಮೇಲೆ ಸೀಮೆಸುಣ್ಣದಲ್ಲಿ ಫ್ರಾನ್ಸಿನ ಊರುಗಳ ಹೆಸರು. ಆಚೆ ಬಿಯರಿಗೆ ಕಹಿ ಕೊಡುವ ಹಾಪ್ ಹೂವಿನ ಮೂಟೆಗಳು. ಅವು ನಮ್ಮ ಕಡೆಯಿಂದ ಬಂದವು ಅಣ್ಣ. ಮೂಗು ಹತ್ತಿರ ತಂದು ನಿಂತುಬಿಟ್ಟೆ. ಕಾವಲುಗಾರ ಬಂದು, "ಏನಮ್ಮಾ, ಮೂಟೆಗೆ ಮುತ್ತು ಕೊಡ್ತಿದೀಯಾ?" ಎಂದು ಕೇಳಿದ. ಗಾಜು ಬೇರೊಂದು ಊರಿನಿಂದ, ಮುಚ್ಚಳದ ತಗಡು ಇನ್ನೊಂದು ಊರಿನಿಂದ. ಹಂಡೆಯ ಕೆಳಗೆ ಉರಿಯುವ ಕಲ್ಲಿದ್ದಲನ್ನು ಮಾತ್ರ ನಮ್ಮ ಕಾಲಡಿಯ ನೆಲದಿಂದಲೇ ಅಗೆಯುತ್ತಾರೆ. ಗಣಿಯವರು ಸಂಜೆ ಕಪ್ಪು ಮುಖ ತೊಳೆದು ಬಂದು, ತಾವೇ ಅಗೆದ ಬೆಂಕಿಯಲ್ಲಿ ಬೆಂದ ಬಿಯರು ಕುಡಿಯುತ್ತಾರೆ. ತುಂಬಿದ ಪೆಟ್ಟಿಗೆಗಳು ಕಾಲುವೆಯ ದೋಣಿ ಹತ್ತಿ ಸಮುದ್ರಕ್ಕೆ ಹೋಗುತ್ತವೆ. ನನ್ನ ಕಣ್ಣ ಮುಂದೆ ಹಾದುಹೋದ ಬಾಟಲಿ ಆಫ್ರಿಕದಲ್ಲಿ ಯಾರದೋ ಮೇಜಿನ ಮೇಲಿದೆ ಎಂದು ನೆನೆದರೆ ಮೈ ಜುಮ್ಮೆನ್ನುತ್ತದೆ.

ಕ್ರಿಸ್ಮಸ್‌ಗೆ ಬರುತ್ತೇನೆ. ನನಗೆ ಹಾಸಿಗೆ ಬೇಡ, ಒಲೆಯ ಹಿಂದಿನ ಬೆಂಚು ಸಾಕು. ಮನೆಯಲ್ಲಿ ನನ್ನ ಪಾಲನ್ನು ನಿನಗೆ ಬರೆದುಕೊಟ್ಟಾಗ ನಾನು ಕೇಳಿದ್ದು ಅದೊಂದನ್ನೇ.

ನಿನ್ನ
ಬುರ್ಗಿ


ಎರ್ಲೆನ್‌ರೀತ್
18 ನವೆಂಬರ್ 1962

ಪ್ರೀತಿಯ ಬುರ್ಗಿ,

ಮಗುವಲ್ಲ. ಮನೆ.

ಸೆಪ್ಟೆಂಬರಿನಲ್ಲಿ ಹಳೆಯ ಮನೆ ಕೆಡವಿಸಿದೆ. ಉತ್ತರದ ಗೋಡೆಗೆ ಕೈಯಿಟ್ಟರೆ ಒದ್ದೆಯಾಗುತ್ತಿತ್ತು. ಆಫ್ರಾ ಹತ್ತೊಂಬತ್ತು ಚಳಿಗಾಲ ಆ ಗೋಡೆಯ ಪಕ್ಕದಲ್ಲಿ ಕೆಮ್ಮಿದಳು. ಹದಿನೈದು ಹೆಜ್ಜೆ ಆಚೆ, ರಸ್ತೆಯ ಬದಿಗೆ ಹೊಸದು ಕಟ್ಟಿದ್ದೇವೆ. ಮನೆಯೊಳಗೇ ನಲ್ಲಿಯಿದೆ, ಬಿಳಿಯ ಪಿಂಗಾಣಿ ಒಲೆಯಿದೆ. ನಿನಗೆ ಮೊದಲೇ ಬರೆಯಬೇಕಾಗಿತ್ತು. ಮೂರು ಸಲ ಕೂತೆ. ಮೂರು ಸಲವೂ ಬೇರೆ ಏನನ್ನೋ ಬರೆದೆ.

ಈಗ ನಡೆದದ್ದು ಕೇಳು. ನವೆಂಬರ್ ಹನ್ನೊಂದು, ಮಾರ್ಟಿನನ ಹಬ್ಬದ ದಿನ, ಪದ್ಧತಿಯಂತೆ ಹಂಡೆಮನೆಯಲ್ಲಿ ಸೇರಿದೆವು. ಹಂಡೆಯಲ್ಲಿ ಬಿಯರು ಮಾಡುವ ಹಕ್ಕಿದ್ದ ಏಳು ಮನೆಯೊಲೆಗಳಲ್ಲಿ ಈಗ ನಾಲ್ಕೇ ಉಳಿದಿವೆ: ಕುಲುಮೆಮನೆ, ಸೂಜಿಮನೆ, ಇಗ್ನಾಟ್ಸ್ ಅಜ್ಜನ ಪೀಪಾಯಿಮನೆ, ನಮ್ಮ ಚಕ್ರಮನೆ. ಉಳಿದ ಮೂವರು ಅಂಗಡಿಯ ಬಾಟಲಿಗೆ ಒಗ್ಗಿಹೋದರು. ಮೊನ್ನೆ ಸ್ಟೇಷನ್ನಿನ ಅಂಗಡಿಯಲ್ಲಿ ನಿಮ್ಮ ಊರಿನ ಬಾಟಲಿಯನ್ನೂ ಕಂಡೆ. ನೀನೇ ದೀಪದ ಮುಂದೆ ನೋಡಿ ಕಳಿಸಿದ್ದಿರಬಹುದು. ಒಡಕಿರಲಿಲ್ಲ.

ಇಗ್ನಾಟ್ಸ್ ಅಜ್ಜ ಹಳೆಯ ಪುಸ್ತಕ ಬಿಚ್ಚಿ ಒಲೆಗಳ ಹೆಸರು ಕೂಗುತ್ತಾ ಬಂದವನು ನಮ್ಮದಕ್ಕೆ ಬಂದು ನಿಂತ.

"ಚಕ್ರಮನೆ ಒಲೆ ಎಲ್ಲಿದೆಯಪ್ಪಾ ಕಾಸ್ಪರ್?"

"ಹೊಸ ಮನೇಲಿ ಅಜ್ಜ. ಬೆಳ್ಳಗೆ ಹೊಳೀತಿದೆ, ಬಂದು ನೋಡು."

"ಅದು ನಿನ್ನ ಹೆಂಡ್ತಿ ಒಲೆ. ನಾನು ಕೇಳ್ತಿರೋದು ಬಿಯರಿನ ಒಲೆ. ಹಕ್ಕು ನಿಂಗಿಲ್ಲ ಕಣೋ, ನಿಮ್ಮಪ್ಪಂಗೂ ಇರ್ಲಿಲ್ಲ. ಇರೋದು ಆ ಒಲೆಗೆ. ಅದು ಕೂತಿರೋ ನೆಲಕ್ಕೆ."

ಥೆಕ್ಲಾ ಬಿಡುತ್ತಾಳೆಯೇ?

"ಹದಿನೈದೇ ಹೆಜ್ಜೆ ತಾನೆ ಅಜ್ಜ? ಹಕ್ಕಿಗೆ ಒಂದು ಕೋಲು ಕೊಡಿ, ನಡ್ಕೊಂಡು ಬರುತ್ತೆ."

ಪುರಸಭೆಯ ಗುಮಾಸ್ತ ಬ್ರುನ್ನರ್ ಮೂಲೆಯಲ್ಲಿ ಕೂತಿದ್ದ. ಹೊಟ್ಟೆಯ ಮೇಲೆ ಕೈ ಕಟ್ಟಿಕೊಂಡು ಹೇಳಿದ: "ನಾಲ್ಕು ಒಲೆಗಿಂತ ಕಮ್ಮಿ ಆದ್ರೆ ಹಂಡೆಮನೆ ಪುರಸಭೆಗೆ ಸೇರುತ್ತೆ. ಹೊಸ ಫೈರ್ ಎಂಜಿನ್ ನಿಲ್ಸೋಕೆ ಜಾಗ ಹುಡುಕ್ತಾನೇ ಇದೀವಿ."

"ಬೆಂಕಿ ಹಚ್ಚೋ ಜಾಗದಲ್ಲಿ ಬೆಂಕಿ ಆರ್ಸೋ ಗಾಡಿ! ನಿಂಗೆ ಊಟ ಜಾಸ್ತಿ ಆಗಿ ಬುದ್ಧಿ ಹಿಂಗಾಗಿದೆ ಮಾರಾಯ" ಅಂದ ಲೋರೆಂಟ್ಸ್.

ಎಲ್ಲರೂ ನಕ್ಕರು. ಆಮೇಲೆ ಯಾರೂ ನಗಲಿಲ್ಲ. ನಾನೊಬ್ಬ ಕೆಡವಿಸಿದ್ದು ಒಂದು ಮನೆ, ಹೋಗುವುದು ನಾಲ್ವರ ಹಂಡೆ.

ಕೆಡವುವವರು ಒಲೆಯನ್ನೂ ಹೊಗೆಗೂಡನ್ನೂ ಕೊನೆಗೆಂದು ಬಿಟ್ಟಿದ್ದರು. ಹೊಸ ಒಲೆ ಬರುವುದು ತಡವಾಗಿ ನಾವು ಅಲ್ಲೇ ಬೇಯಿಸಿಕೊಳ್ಳುತ್ತಿದ್ದೆವು. ಅಷ್ಟು ಪುಣ್ಯ. ಅಜ್ಜ ಪುಸ್ತಕದಲ್ಲಿ ಹಿಂದೆ ಹಿಂದೆ ಹೋಗಿ, ಇಡೀ ಊರು ಸುಟ್ಟುಹೋದ ವರ್ಷದ ಹಾಳೆ ತೆಗೆದ. ಆಗ ಯಾರ ಒಲೆಗೂ ಗೋಡೆಯಿರಲಿಲ್ಲ. ಅದಕ್ಕೆ ಅಂದಿನವರು ಬರೆದಿಟ್ಟಿದ್ದಾರೆ: ಗೋಡೆ ಹೋದ ಒಲೆಗೂ ಹಕ್ಕುಂಟು. ಮಾರ್ಟಿನನ ಹಬ್ಬದಿಂದ ಮೇಣದಬತ್ತಿ ಹಬ್ಬದವರೆಗೆ, ದಿನಕ್ಕೊಮ್ಮೆ, ಆ ಮನೆಯವರದೇ ಕೈಯಿಂದ ಅಲ್ಲಿ ಅಡುಗೆ ಬೇಯಬೇಕು. ಒಂದು ದಿನ ತಪ್ಪಿದರೆ ಹಕ್ಕು ಆರಿತು. ಆ ಹಬ್ಬದ ದಿನ, ಫೆಬ್ರವರಿ ಎರಡಕ್ಕೆ, ಸರದಿಯ ಚೀಟಿ ಎತ್ತಿದ ಮೇಲೆ ಭಯವಿಲ್ಲ, ವಸಂತದಲ್ಲಿ ಸುತ್ತ ಗೋಡೆ ಕಟ್ಟಿಕೊಳ್ಳಬಹುದು.

ಹಾಗಾಗಿ ಒಂದು ವಾರದಿಂದ ಬಯಲಲ್ಲಿ ನಿಂತ ಒಲೆಯ ಮೇಲೆ ನಾನು ಸಾರು ಕಾಯಿಸುತ್ತಿದ್ದೇನೆ. ಅಜ್ಜ ದಿನಾ ಮಧ್ಯಾಹ್ನ ಬಂದು ಒಂದು ಚಮಚ ಕುಡಿದು, ಮುಖ ಸಿಂಡರಿಸಿ, "ಅಡುಗೆ ಅಂತಾನೇ ಒಪ್ಕೋಬೇಕು" ಎಂದು ಹೇಳಿ ಹೋಗುತ್ತಾನೆ.

ಬೆಂಚು ಉಳಿದಿಲ್ಲ. ಅದನ್ನು ಹೇಗೆ ಬರೆಯುವುದೆಂದು ಗೊತ್ತಾಗಲಿಲ್ಲ.

ಕಾಸ್ಪರ್


ಡೋರ್ಟ್‌ಮುಂಡ್
2 ಡಿಸೆಂಬರ್ 1962

ಕಾಸ್ಪರ್‌ಗೆ,

ಕಾಗದ ತಲುಪಿತು.

ಕ್ರಿಸ್ಮಸ್‌ಗೆ ಬರುವುದಿಲ್ಲ. ರಸ್ತೆ ಕೆಟ್ಟಿದೆ ಎಂದು ನೀನೇ ಬರೆದಿದ್ದೆ.

ನೋಟ್‌ಬುರ್ಗಾ


ಎರ್ಲೆನ್‌ರೀತ್
26 ಡಿಸೆಂಬರ್ 1962

ಪ್ರೀತಿಯ ಬುರ್ಗಿ,

ನಿನ್ನ ಮೂರು ಸಾಲು, ಪೂರ್ತಿ ಹೆಸರಿನ ಸಹಿ ಸಮೇತ, ಮೇಜಿನ ಮೇಲಿವೆ. ಸುದ್ದಿ ಇದೆ, ಅದನ್ನೇ ಬರೆಯುತ್ತೇನೆ.

ಇಂಥ ಚಳಿ ಅಜ್ಜನಿಗೂ ನೆನಪಿಲ್ಲವಂತೆ. ತೊರೆ ತಳದವರೆಗೆ ಗಟ್ಟಿಯಾಗಿದೆ. ನಾನು ಒಲೆಯ ಮೇಲೆ ನಾಲ್ಕು ಕಂಬ ನೆಟ್ಟು ಗಾಡಿಯ ಟಾರ್ಪಾಲು ಕಟ್ಟಿದ್ದೇನೆ. ಎದೆಯ ಕಡೆ ಬೇಯುತ್ತೇನೆ, ಬೆನ್ನ ಕಡೆ ಹೆಪ್ಪುಗಟ್ಟುತ್ತೇನೆ. ಆಫ್ರಾ ಹೊಸ ಮನೆಯ ಕಿಟಕಿಯಿಂದ ನೋಡುತ್ತಾಳೆ, ಹೊರಗೆ ಬರುವುದಿಲ್ಲ. "ನಿಮ್ಮ ಒಲೆ, ನೀವೇ ಊದಿ. ಆ ಹೊಗೆ ನಾನು ಸಾಕಷ್ಟು ಕುಡಿದಿದೀನಿ" ಅಂದಳು. ಅವಳು ಹೇಳುವುದರಲ್ಲಿ ತಪ್ಪಿಲ್ಲ.

ನಾನು ಬೇಯಿಸಿದ ಆಲೂಗಡ್ಡೆ ಕಡುಬು ನೀರಲ್ಲಿ ಕರಗಿ ಗಂಜಿಯಾಯಿತು. ಥೆಕ್ಲಾ ಬೇಲಿಯಾಚೆ ನಿಂತು, "ಕಾಸ್ಪರ್, ಗೋಡೆಗೆ ಗಾರೆ ಕಲಸ್ತಿದೀಯಾ? ಒಳ್ಳೇದಾಯ್ತು, ಇಟ್ಟಿಗೆ ನಾನು ಕೊಡ್ತೀನಿ" ಎಂದು ಕೂಗಿದಳು. ಅವಳ ಸೊಂಟದ ಮೇಲೆ ಒಂದು ಬುಟ್ಟಿಯಿತ್ತು, ಬಟ್ಟೆ ಮುಚ್ಚಿತ್ತು. ಅದನ್ನು ಬೇಲಿಯ ಕಂಬದ ಮೇಲಿಟ್ಟು ಹೋದಳು. ಬಿಸಿ ಕಡುಬು. ಬೇರೆಯವರು ಬೇಯಿಸಿದ್ದು ಲೆಕ್ಕಕ್ಕಿಲ್ಲ ಎಂದು ಅವಳಿಗೂ ಗೊತ್ತು. ಅದು ಲೆಕ್ಕಕ್ಕಲ್ಲ, ಹೊಟ್ಟೆಗೆ.

ಕ್ರಿಸ್ಮಸ್ ಬೆಳಿಗ್ಗೆ ಪೂಜೆ ಮುಗಿದು ಜನ ಇಗರ್ಜಿಯಿಂದ ಇಳಿದು ಬರುವಾಗ ನಾನು ಸೌದೆ ಒಡ್ಡುತ್ತಿದ್ದೆ. ಗಾಳಿ ನಿಂತಿತ್ತು. ಹೊಗೆ ದಾರ ಕಟ್ಟಿ ಎಳೆದ ಹಾಗೆ ಆಕಾಶಕ್ಕೆ ಹೋಗಿತ್ತು. ಮನೆಯಿಲ್ಲ, ಮಾಡಿಲ್ಲ, ಬಿಳಿ ಹಿಮದ ನಡುವೆ ಒಂದು ಹೊಗೆಗೂಡು, ಅದರಿಂದ ಹೊಗೆ. ಗಂಡಸರು ಟೊಪ್ಪಿ ತೆಗೆದರು. ಈಗಷ್ಟೇ ಇಗರ್ಜಿಯಲ್ಲಿ ತೆಗೆದಿದ್ದರು, ಮತ್ತೆ ಏಕೆ ತೆಗೆದರೋ ಅವರನ್ನೇ ಕೇಳಬೇಕು. ಆಮೇಲೆ ಊಟಕ್ಕೆ ಹೋದರು.

ಅಜ್ಜ ಮಾತ್ರ ಉಳಿದ. ಚಮಚ ನೆಕ್ಕುತ್ತಾ ಕೇಳಿದ: "ಈ ಹಂಡೆಯಿಂದ ಊರಲ್ಲಿ ಯಾರ್ಯಾರು ಉಣ್ತಾರೆ, ಹೇಳು ನೋಡೋಣ."

"ನಾವು ನಾಲ್ಕು ಮನೆ."

"ಬರೀ ನಾಲ್ಕಾ? ನಮಗೆ ಸೌದೆ ಕೊಡೋ ಕಾಡಿನವನು? ದಿಬ್ಬದ ಮೇಲೆ ಬಾರ್ಲಿ ಬಿತ್ತೋನು? ಜರಡಿ ಹಿಡಿದ ಮೇಲೆ ಉಳಿಯೋ ಚರಟ ತಿಂದು ಹಾಲು ಕೊಡೋ ಹಸುಗಳು, ಆ ಹಾಲು ಕುಡಿಯೋ ಮಕ್ಕಳು? ಮಿಕ್ಕ ಹೆಪ್ಪು ತಗೊಂಡು ಬ್ರೆಡ್ಡು ಉಬ್ಬಿಸೋ ಬೇಕರಿಯವನು? ಬಿಯರು ತಯಾರಾಯ್ತು ಅಂತ ಬಾಗಿಲ ಮೇಲೆ ನಕ್ಷತ್ರ ತೂಗುಹಾಕಿದ ದಿನ ಸಾಸೇಜು ಮಾರೋನು? ಪೀಪಾಯಿಗೆ ಪಟ್ಟಿ ಹೊಡೆಯೋನು? ನಕ್ಷತ್ರ ನೋಡಿ ಆಚೆ ಊರಿಂದ ಬಂದು ಕೂತು, ಇಲ್ಲೇ ಹೆಣ್ಣು ನೋಡಿ ಮದುವೆ ಆದೋರು? ನಿಮ್ಮಪ್ಪ ನಿಮ್ಮಮ್ಮನ್ನ ನೋಡಿದ್ದು ನಮ್ಮ ಪೀಪಾಯಿಮನೆ ಬೆಂಚಲ್ಲಿ ಕಣೋ. ನೀನೂ ಆ ಹಂಡೇಲೇ ಬೆಂದೋನು."

ಬುರ್ಗಿ, ನೀನು ಬರೆದ ಹಳಿ, ವ್ಯಾಗನ್ನು, ದೋಣಿ, ಆಫ್ರಿಕ ಎಲ್ಲ ನೆನಪಾದವು. ಅಜ್ಜ ಹೇಳಿದ್ದೂ ಅದನ್ನೇ, ನಮ್ಮ ದಿಬ್ಬದಷ್ಟು ಅಗಲಕ್ಕೆ. ಅವನು ಹೋದ ಮೇಲೂ ಸಾರು ಕದಡುತ್ತಾ ನಿಂತಿದ್ದೆ. ಒಂದು ತಾಮ್ರದ ಪಾತ್ರೆಗೆ ಇಷ್ಟೊಂದು ಜನ ನೇತುಬಿದ್ದಿರುವುದನ್ನು ನಾನು ಈವರೆಗೆ ನೋಡಿಯೇ ಇರಲಿಲ್ಲ.

ಇನ್ನು ಮೂವತ್ತೆಂಟು ದಿನ.

ಕಾಸ್ಪರ್


ಡೋರ್ಟ್‌ಮುಂಡ್
13 ಜನವರಿ 1963

ಅಣ್ಣ,

ಮನೆ ಕೆಡವಿದ್ದಕ್ಕೆ ನನಗೆ ಸಿಟ್ಟು ಬರಲಿಲ್ಲ. ನನಗೂ ಆ ಗೋಡೆಯ ತೇವ ಗೊತ್ತು. ಸಿಟ್ಟು ಬಂದದ್ದು ರಸ್ತೆಗೆ. ನೀನು ಅಕ್ಟೋಬರಿನಲ್ಲೇ ಬರೆದಿದ್ದರೆ ನಾನು ಒಂದು ದಿನ ಅಳುತ್ತಿದ್ದೆ, ಆಮೇಲೆ ಉಣ್ಣೆಯ ಬದಲು ನಿನ್ನ ಹೊಸ ಕಿಟಕಿಗೆ ಪರದೆ ಕೊಳ್ಳುತ್ತಿದ್ದೆ. ಅಷ್ಟೇ ಆಗುತ್ತಿದ್ದುದು.

ನಿನ್ನ ಕಾಗದವನ್ನು ಹೆಡ್ವಿಗ್‌ಗೆ ಓದಿಹೇಳಿದೆ. ಅವಳು ನಮ್ಮ ಸಾಲಿನ ಮೇಲ್ವಿಚಾರಕಿ. ಗಂಡ ಗಣಿಯಲ್ಲಿ, ಅಪ್ಪ ಗಣಿಯಲ್ಲಿ, ಅಜ್ಜ ಗಣಿಯಲ್ಲೇ ಉಳಿದುಹೋದವನು. ಹೊಗೆಗೂಡಿನ ಮಾತು ಬಂದಾಗ ನಿಲ್ಲಿಸು ಎಂದು ಕೈ ಎತ್ತಿದಳು. ಊಟದ ಬಿಡುವಿನಲ್ಲಿ ಮೇಜಿನ ಮೇಲೆ ಹತ್ತಿ ಎಲ್ಲ ಹೆಂಗಸರಿಗೂ ತಾನೇ ಓದಿದಳು. ಈಗ ಬಾಟಲಿ ಅಂಗಳದ ನೂರಾ ಹತ್ತು ಹೆಂಗಸರು ಬೆಳಿಗ್ಗೆ ಬಂದ ಕೂಡಲೇ ಕೇಳುವುದು ಒಂದೇ: "ಬುರ್ಗಿ, ನಿಮ್ಮ ಒಲೆ ಉರೀತಿದ್ಯಾ?" ಉರಿಯುತ್ತಿದೆ ಎಂದು ನಾನೇ ಹೇಳಿಬಿಡುತ್ತೇನೆ. ನಿಜವೋ ಸುಳ್ಳೋ ನನಗೇನು ಗೊತ್ತು, ನೀನು ಬರೆಯುವುದೇ ಇಲ್ಲ.

ಒಬ್ಬಳು ಕೇಳಿದಳು, "ನಮ್ಮ ಬಾಟಲಿ ಹೋಗಿ ನಿಮ್ಮೂರ ಮೂರು ಒಲೆ ಆರಿಸ್ತಲ್ಲ, ನಿಂಗೇನೂ ಅನ್ಸಲ್ವಾ?" ಆ ದಿನ ದೀಪದ ಮುಂದೆ ಕೂತಾಗ ಒಡಕಿಲ್ಲದ ಒಂದು ಬಾಟಲಿಯನ್ನು ಎತ್ತಿಹಾಕಿದೆ. ಹೆಡ್ವಿಗ್ ನೋಡಿಯೂ ಮುಂದೆ ಹೋದಳು.

ಇಲ್ಲೂ ಕಾಲುವೆ ಗಟ್ಟಿಯಾಗಿದೆ. ದೋಣಿಗಳು ಸಿಕ್ಕಿಕೊಂಡಿವೆ. ನಿನಗೆ ಜ್ವರ ಬಂದರೆ ಒಲೆಗೆ ಯಾರು?

ಕಾಲುಚೀಲ ಕಳಿಸಿದ್ದೇನೆ. ಎರಡು ಜೊತೆ ನಿನಗೆ, ಒಂದು ಆಫ್ರಾಗೆ.

ಬುರ್ಗಿ


ಎರ್ಲೆನ್‌ರೀತ್
24 ಜನವರಿ 1963

ನೋಟ್‌ಬುರ್ಗಾ ಅವರಿಗೆ,

ನಾನು ನಿಮಗೆ ಹಿಂದೆಂದೂ ಬರೆದವಳಲ್ಲ. ಬರೆಯಲು ನನಗೆ ಬರುವುದೂ ಇಲ್ಲ. ಕಾಲುಚೀಲ ಸರಿಯಾಗಿ ಆಗುತ್ತದೆ.

ನಿಮ್ಮ ಅಣ್ಣ ಹದಿನಾರನೆಯ ತಾರೀಖು ಅಡುಗೆ ಇಳಿಸಿ ಅಲ್ಲೇ ಹಿಮದಲ್ಲಿ ಕೂತುಬಿಟ್ಟರು. ಎರಡೂ ಶ್ವಾಸಕೋಶಕ್ಕೆ ನಂಜು. ಜಿಲ್ಲಾ ಆಸ್ಪತ್ರೆಯಲ್ಲಿದ್ದಾರೆ. ಸಾಯುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ, ಮಾರ್ಚಿನವರೆಗೆ ಏಳುವುದೂ ಇಲ್ಲವಂತೆ. ಎಚ್ಚರ ಬಂದಾಗ ಮೊದಲು ಕೇಳಿದ್ದು ನನ್ನನ್ನಲ್ಲ, "ಇವತ್ತು ಏನು ಬೇಯ್ಸಿದ್ರಿ?" ಎಂದು.

ಬೇಯಿಸಿದ್ದೆ. ಆ ಒಲೆಯ ಹತ್ತಿರ ಮತ್ತೆ ಹೋಗುವುದಿಲ್ಲ ಎಂದು ಆಣೆ ಮಾಡಿದ್ದವಳು ನಾನು. ಆ ಮನೆ ಕೆಡವಿ ಎಂದು ಹಟ ಹಿಡಿದವಳೂ ನಾನೇ, ಅವರು ಅದನ್ನು ನಿಮಗೆ ಬರೆದಿರಲಾರರು. ಆದರೆ ಅವರನ್ನು ಗಾಡಿಯಲ್ಲಿ ಕರೆದುಕೊಂಡು ಹೋದ ಮರುದಿನ ಕಿಟಕಿಯಿಂದ ನೋಡಿದರೆ ಬೇಲಿಯ ಹತ್ತಿರ ಇಗ್ನಾಟ್ಸ್ ಅಜ್ಜ ನಿಂತಿದ್ದರು. ಕೈಯಲ್ಲಿ ಚಮಚ. ಕರೆಯಲಿಲ್ಲ, ಬಾಗಿಲು ತಟ್ಟಲಿಲ್ಲ. ಸುಮ್ಮನೆ ನಿಂತಿದ್ದರು. ನಾನು ಶಾಲು ಹೊದ್ದು ಹೊರಟೆ.

ನನ್ನ ಎದೆಗೆ ಹೊಗೆ ಆಗಬಾರದೆಂದು ನಿನ್ನೆ ಡಾಕ್ಟರು ಬೈದರು. ಹೋದರೆ ಗಂಡನ ಪಕ್ಕದ ಮಂಚವೇ ಗತಿ ಎಂದರು. ಇಂದೂ ಹೋದೆ. ಬಾಯಿಗೆ ಒದ್ದೆ ಬಟ್ಟೆ ಕಟ್ಟಿಕೊಳ್ಳುತ್ತೇನೆ. ಮನೆಯವರೇ ಬೇಯಿಸಬೇಕು, ಊರವರ ಕೈ ಆಗುವುದಿಲ್ಲ. ಮನೆಯವರು ಎಂದರೆ ಇಲ್ಲಿ ಈಗ ನಾನೊಬ್ಬಳು. ಇನ್ನು ಒಂಬತ್ತು ದಿನ.

ನಾನು ಏನೂ ಕೇಳುತ್ತಿಲ್ಲ. ಕಾಲುಚೀಲ ತಲುಪಿತೆಂದು ತಿಳಿಸಲು ಬರೆದೆ.

ಹಿಮ ಎಷ್ಟಿದ್ದರೂ ರೈಲು ಓಡುತ್ತಿದೆ ಎಂದು ಸ್ಟೇಷನ್ ಮಾಸ್ಟರರು ಹೇಳಿದರು. ಸುಮ್ಮನೆ ವಿಚಾರಿಸಿದೆ.

ಆಫ್ರಾ


ಎರ್ಲೆನ್‌ರೀತ್
3 ಫೆಬ್ರವರಿ 1963

ಪ್ರೀತಿಯ ಅಣ್ಣ,

ನರ್ಸಮ್ಮ ಇದನ್ನು ನಿನಗೆ ನಿಧಾನವಾಗಿ ಓದಲಿ, ನೀನು ಏಳಕೂಡದು. ಮೊದಲು ಸುದ್ದಿ. ಒಲೆ ಉಳಿಯಿತು. ನಿನ್ನೆ ಚೀಟಿ ಎತ್ತಿದೆವು, ಚಕ್ರಮನೆಗೆ ಮೂರನೆಯ ಸರದಿ. ನಾಲ್ಕೂ ಒಲೆ ಇವೆ, ಹಂಡೆ ಎಲ್ಲಿಗೂ ಹೋಗುವುದಿಲ್ಲ.

ಇನ್ನು ಮೊದಲಿಂದ ಹೇಳುತ್ತೇನೆ. ಆಫ್ರಾಳ ಕಾಗದ ಶನಿವಾರ ಬಂತು. ಹೆಡ್ವಿಗ್ ಹತ್ತಿರ ರಜೆ ಕೇಳಲು ಹೋದೆ. ಬಾಯಿ ತೆರೆಯುವ ಮುಂಚೆಯೇ, "ನಿನ್ನ ದೀಪ ನಾವು ನೋಡ್ಕೋತೀವಿ, ನೀನು ನಿನ್ನ ಬೆಂಕಿ ನೋಡ್ಕೋ ಹೋಗೇ" ಅಂದಳು. ಭಾನುವಾರ ಸಂಜೆ ಇಲ್ಲಿ ಇಳಿದೆ. ಆಫ್ರಾ ಸ್ಟೇಷನ್ನಿಗೆ ಬಂದಿದ್ದಳು. ನಾನು ಬರುತ್ತೇನೆಂದು ಬರೆದಿರಲಿಲ್ಲ. ಕೇಳಿದರೆ, "ಸುಮ್ನೆ ಬಂದೆ" ಅಂದಳು. ಗುರುವಾರದಿಂದ ದಿನಾ ಸುಮ್ಮನೆ ಬಂದಿದ್ದಳಂತೆ. ಸ್ಟೇಷನ್ ಮಾಸ್ಟರು ಹೇಳಿದರು.

ಸೋಮವಾರ ನಾನು ಒಲೆ ಹಚ್ಚಿದಾಗ ಗುಮಾಸ್ತ ಬ್ರುನ್ನರ್ ಬಂದ.

"ನೋಟ್‌ಬುರ್ಗಾ, ಬೇಜಾರು ಮಾಡ್ಕೋಬೇಡಮ್ಮ. ನೀನು ಪಾಲು ಬರೆದುಕೊಟ್ಟಿದೀಯ. ಕಾಗದ ನಮ್ಮ ಕಚೇರೀಲೇ ಇದೆ. ನೀನು ಈ ಮನೆಯೋಳಲ್ಲ."

ಇಗ್ನಾಟ್ಸ್ ಅಜ್ಜ ಚಮಚ ಹಿಡಿದು ಕೂತಿದ್ದ. "ಅವಳು ಬರೆದುಕೊಟ್ಟಿದ್ದು ಗೋಡೇನ. ಗೋಡೆ ಎಲ್ಲಿದೆ ತೋರ್ಸು" ಅಂದ.

ಬ್ರುನ್ನರ್ ಸುತ್ತ ನೋಡಿದ.

"ಪುಸ್ತಕದಲ್ಲಿ ಬರ್ದಿರೋದು ಒಲೆ ಮನೆಯೋರು ಅಂತ. ಇಪ್ಪತ್ನಾಲ್ಕರ ಫೆಬ್ರವರೀಲಿ ಬೇರೆ ಕೋಣೇಲೆಲ್ಲ ನೀರು ಹೆಪ್ಪುಗಟ್ಟಿ, ಇವರಮ್ಮ ಇವಳನ್ನ ಈ ಒಲೆ ಹಿಂದೆ ಹೆತ್ತಳು. ಹೊರಗೆ ಇವರಪ್ಪನ ಜೊತೆ ನಿಂತು ನಡುಗಿದೋನು ನಾನು. ಇವಳಿಗಿಂತ ಒಲೆ ಮನೆಯೋರು ಯಾರಯ್ಯಾ? ಹೋಗು, ನಿನ್ನ ಕಚೇರಿ ಒಲೆಗೆ ಸೌದೆ ಹಾಕು" ಅಂದ ಅಜ್ಜ.

ಬ್ರುನ್ನರ್ ಹೋದ. ಅವತ್ತು ನನ್ನ ಕಡುಬು ತಿಂದು ಅಜ್ಜ ಮುಖ ಸಿಂಡರಿಸಲಿಲ್ಲ. ಇದನ್ನು ನಿನಗೆ ನೋವಾಗಲೆಂದೇ ಬರೆಯುತ್ತಿದ್ದೇನೆ.

ಐದು ದಿನ ಹೇಗೋ ಕಳೆಯಿತು. ನಿನ್ನೆ ಬೆಳಿಗ್ಗೆ ಉತ್ತರದಿಂದ ಗಾಳಿ ಎದ್ದಿತು. ಅಂಥ ಗಾಳಿಯನ್ನು ನಾನು ಕಂಡಿಲ್ಲ. ಹಿಮ ಕೆಳಗೆ ಬೀಳುತ್ತಿರಲಿಲ್ಲ, ಅಡ್ಡಡ್ಡ ಹೋಗುತ್ತಿತ್ತು. ಟಾರ್ಪಾಲು ಒಂದು ಸಲ ಬಡಿದು ಕಂಬದ ಸಮೇತ ಲೋರೆಂಟ್ಸ್‌ನ ಹೊಲಕ್ಕೆ ಹಾರಿತು. ನಾನು ಮಂಡಿಯೂರಿ ಬೆನ್ನು ಅಡ್ಡ ಕೊಟ್ಟು ಬೆಂಕಿ ಹಚ್ಚಿದೆ, ಆರಿತು. ಮತ್ತೆ ಹಚ್ಚಿದೆ, ಹಿಮ ನುಗ್ಗಿ ಆರಿತು. ಆಫ್ರಾ ಬಾಯಿಗೆ ಬಟ್ಟೆ ಕಟ್ಟಿಕೊಂಡು ಓಡಿಬಂದಳು. ಇಬ್ಬರ ಬೆನ್ನು ಸೇರಿಸಿದರೂ ಒಂದು ಕಡೆಗಾಯಿತೇ ಹೊರತು ಗಾಳಿ ಸುತ್ತಿಕೊಂಡು ಬರುತ್ತಿತ್ತು. ಎಂಬತ್ತಮೂರು ದಿನ ಉರಿದದ್ದು, ಅಣ್ಣ. ಕೊನೆಯ ದಿನ ನನ್ನ ಕೈಯಲ್ಲಿ ಆರುತ್ತದಲ್ಲ ಎಂದು ನನಗೆ ಅಳು ಬಂತು. ಕಣ್ಣೀರು ಕೆನ್ನೆಯ ಮೇಲೇ ಗಟ್ಟಿಯಾಯಿತು.

ಥೆಕ್ಲಾ ಬೇಲಿ ದಾಟಿ ಬಂದದ್ದು ಆಗ. ಹಿಂದೆ ಗಂಡ, ಮೈದುನ.

"ಅಜ್ಜಾ, ಬೆಂಕಿ ಮುಟ್ಟಬಾರದು, ಅಲ್ವಾ?"

"ಮುಟ್ಟಬಾರದು."

"ಸೌದೆ, ಪಾತ್ರೆ, ಚಮಚ?"

"ಮನೆಯೋರ ಕೈ ಮಾತ್ರ."

"ಸುಮ್ನೆ ನಿಂತ್ಕೊಂಡ್ರೆ?"

"ನಿಂತ್ಕೋಬೇಡಿ ಅಂತ ಎಲ್ಲೂ ಬರೆದಿಲ್ಲ."

ಅವಳು ಬಂದು ನನ್ನ ಎಡಕ್ಕೆ ನಿಂತಳು. ಅವಳ ಪಕ್ಕಕ್ಕೆ ಅವಳ ಗಂಡ, ಭುಜಕ್ಕೆ ಭುಜ ತಾಗಿಸಿ. ಲೋರೆಂಟ್ಸ್ ಸೂಜಿಮನೆಯವರನ್ನೆಲ್ಲ ಕರೆದುಕೊಂಡು ಬಂದ. ಬೇಕರಿಯವನು ಬಂದ, ಹಿಟ್ಟಿನ ಕೈಯಲ್ಲೇ. ಕಾಡಿನವನು ಇಬ್ಬರು ಹೆಣ್ಣುಮಕ್ಕಳ ಜೊತೆ. ಸಾಸೇಜಿನವನು, ಪೀಪಾಯಿಗೆ ಪಟ್ಟಿ ಹೊಡೆಯುವವನು, ಮೇಷ್ಟ್ರು. ಬಿಯರು ಮಾಡುವುದು ಬಿಟ್ಟ ಆ ಮೂರು ಮನೆಯವರೂ ಬಂದರು. ಯಾರು ಯಾರನ್ನು ಕರೆದರೋ ಗೊತ್ತಿಲ್ಲ, ಹಿಮದೊಳಗಿಂದ ಒಬ್ಬೊಬ್ಬರಾಗಿ ಮೂಡುತ್ತಿದ್ದರು. ಹಳೆಯ ಅಡಿಪಾಯದ ಕಲ್ಲು ಹಿಮದಡಿಯಲ್ಲಿತ್ತು. ಅದು ಎಲ್ಲೆಲ್ಲಿ ಹೋಗುತ್ತದೆಂದು ಅವರಿಗೆಲ್ಲ ಕಾಲಿಗೇ ಗೊತ್ತಿತ್ತು. ಅದರ ಮೇಲೇ ನಿಂತರು, ಎರಡು ಸಾಲು ದಪ್ಪಕ್ಕೆ, ಮುಖ ಹೊರಗೆ, ಬೆನ್ನು ನಮ್ಮ ಕಡೆಗೆ.

ಉತ್ತರದ ಬದಿಯಲ್ಲಿ ಇನ್ನೂ ಒಂದು ಸಂದು ಉಳಿದಿತ್ತು. ಗಾಳಿ ಬರುತ್ತಿದ್ದದ್ದೇ ಅಲ್ಲಿಂದ. ಆಗ ಬ್ರುನ್ನರ್ ಬಂದ. ಅವನು ಕೋಟಿನ ಕಾಲರು ಎತ್ತಿ, ಆ ಸಂದಿನಲ್ಲಿ ನಿಂತ. ಸಂದು ಸಂಪೂರ್ಣ ಮುಚ್ಚಿತು.

"ಇಷ್ಟು ದಿನ ತಿಂದಿದ್ದು ಇವತ್ತು ಊರಿಗಾಯ್ತು ನೋಡು" ಅಂದ ಲೋರೆಂಟ್ಸ್.

"ಬಾಯಿ ಮುಚ್ಚೋ, ಗಾಳಿ ಒಳಗೆ ಹೋಗುತ್ತೆ" ಅಂದ ಬ್ರುನ್ನರ್.

ಗಾಳಿಯ ಸದ್ದು ಒಮ್ಮೆಲೇ ದೂರವಾಯಿತು. ಕಡ್ಡಿ ಗೀರಿದೆ. ಬೆಂಕಿ ಹಿಡಿಯಿತು, ನಿಂತಿತು. ಆಫ್ರಾ ಹಿಟ್ಟು ಉಂಡೆ ಕಟ್ಟಿಕೊಟ್ಟಳು, ನಾನು ನೀರಿಗೆ ಬಿಟ್ಟೆ. ಒಬ್ಬರೂ ತಿರುಗಿ ನೋಡಲಿಲ್ಲ. ಅವರ ಬೆನ್ನಿನ ಮೇಲೆ ಬೆಂಕಿಯ ಬೆಳಕು ಬಿದ್ದು, ಕಂದು, ಕಪ್ಪು, ಬೂದು ಬಣ್ಣದ ಕೋಟುಗಳೆಲ್ಲ ಒಂದೇ ಬಣ್ಣವಾಗಿದ್ದವು. ಮುಂದೆ ಅವರ ಹುಬ್ಬಿನ ಮೇಲೆ ಹಿಮ ಕೂರುತ್ತಿತ್ತೆಂದು ಆಮೇಲೆ ನೋಡಿದೆ.

ಸೌದೆ ತರಲು ನಾನು ಎದ್ದೆ. ಎಲ್ಲಿಂದ ಹೊರಗೆ ಹೋಗುವುದೆಂದು ಸುತ್ತ ನೋಡಿದೆ. ದಕ್ಷಿಣಕ್ಕೆ, ಮೊದಲು ಇದ್ದ ಜಾಗದಲ್ಲೇ, ಬಾಗಿಲಿಗೆ ಒಂದು ಆಳು ಅಗಲ ಬಿಟ್ಟು ನಿಂತಿದ್ದರು. ನಾನು ಹೊರಗೆ ಹೋಗಿ, ಸೌದೆ ಎತ್ತಿಕೊಂಡು, ಹೊಸ್ತಿಲು ಇದ್ದಲ್ಲಿ ಕಾಲಿನ ಹಿಮ ಕೊಡವಿ ಒಳಗೆ ಬಂದೆ.

ಕಡುಬು ಬೇಯಲು ಒಂದು ಗಂಟೆ ಹಿಡಿಯಿತು. ಅಷ್ಟು ಹೊತ್ತು ಆಫ್ರಾ ಮತ್ತು ನಾನು ನಮ್ಮ ಮನೆಯಲ್ಲಿದ್ದೆವು.

ನಿನ್ನ ತಂಗಿ
ಬುರ್ಗಿ